ಕೋನಪ್ಪನವರು ಕಾಶಿಯಲ್ಲಿ ಬಿಟ್ಟು ಬಂದದ್ದು

ಶಿಡ್ಲಘಟ್ಟದ ಕಡೆಯವರು ಕಾಶಿಗೆ ಹೋಗಬೇಕೆಂದು ಮನಸ್ಸು ಮಾಡಿದರೆ ಮೊದಲು ಹೋಗಿ ಕಾಣುತ್ತಿದ್ದದ್ದು ಕಲಂದರ್ ಸಾಬರನ್ನು. ಹೊರಗಿನವರು ಇದನ್ನು ಕೇಳಿ ಹುಬ್ಬೇರಿಸುತ್ತಿದ್ದರು. ಊರಿನವರಿಗೆ ಅದರಲ್ಲಿ ಹುಬ್ಬೇರಿಸುವಂಥದ್ದೇನೂ ಕಾಣುತ್ತಿರಲಿಲ್ಲ. ದಾರಿ ಗೊತ್ತಿದ್ದವನನ್ನು ದಾರಿ ಕೇಳಬೇಕು, ಅಷ್ಟೆ. ಸಾಬರು ಪ್ರಾಯದಲ್ಲಿ ಒಬ್ಬ ರೇಷ್ಮೆ ನೂಲಿನ ಸಾಹುಕಾರರ ಬಳಿ ಕೆಲಸಕ್ಕಿದ್ದವರು. ಇಲ್ಲಿಯ ನೂಲನ್ನು ಬನಾರಸಿನ ನೇಕಾರರಿಗೆ ಮುಟ್ಟಿಸಿ ಬರುವುದು ಅವರ ಕೆಲಸ. ಒಂದು ಸಲ ಹೊರಡುವಾಗ ಸಾಹುಕಾರರು, “ನೂಲಿನ ಮೂಟೆ ಜೊತೆ ನಮ್ಮಮ್ಮನ್ನೂ ಕರ್ಕೊಂಡೋಗಿ ಗಂಗೇಲಿ ಒಂದು ಮುಳುಗು ಹಾಕಿಸ್ಕೊಂಡು ಬಾರಪ್ಪ” ಎಂದರು. ಸಾಬರು ಮೂಟೆಯನ್ನೂ ಮುದುಕಮ್ಮನನ್ನೂ ಪೆಟ್ಟಾಗದ ಹಾಗೆ ಮುಟ್ಟಿಸಿದರು, ಮುದುಕಮ್ಮನನ್ನು ಅಷ್ಟೇ ಜೋಪಾನವಾಗಿ ವಾಪಸು ತಂದರು. ಮರುವರ್ಷ ಆಕೆಯ ನೆರೆಹೊರೆಯವರು ಗಂಟು ಕಟ್ಟಿಕೊಂಡು ಸಾಬರ ಮನೆ ಬಾಗಿಲಿಗೆ ಬಂದರು. ಕಲಂದರ್ ಟ್ರಾವೆಲ್ಸ್ ಶುರುವಾದದ್ದು ಹೀಗೆ.

ಗಂಗೆಯ ಘಾಟಿನಲ್ಲಿ ಅವರ ಕೆಲಸ ನೋಡಬೇಕಿತ್ತು. ಯಾತ್ರಿಕರೆಲ್ಲ ನೀರಿಗಿಳಿದರೆ ಸಾಬರು ಮೆಟ್ಟಿಲ ಮೇಲೆ ನಿಂತು ಅವರ ಒಣಬಟ್ಟೆ, ಕನ್ನಡಕ, ವಾಚು, ಹಲ್ಲಿನ ಸೆಟ್ಟು ಎಲ್ಲವನ್ನೂ ಕಾಯುತ್ತಿದ್ದರು. ಯಾವ ಹಲ್ಲು ಯಾರದೆಂಬುದರಲ್ಲಿ ಒಮ್ಮೆಯೂ ತಪ್ಪಿದವರಲ್ಲ. ಅವರು ನಮಾಜಿಗೆ ಹೋದಾಗ ಅವರ ಕೈಚೀಲವನ್ನು ಯಾತ್ರಿಕರು ಕಾಯುತ್ತಿದ್ದರು. ಈ ಏರ್ಪಾಡು ಯಾರ ತಕರಾರೂ ಇಲ್ಲದೆ ಎಷ್ಟೋ ವರ್ಷ ನಡೆಯಿತು.

ಆಮೇಲೆ ಬೆಂಗಳೂರಿನ ದೊಡ್ಡ ದೊಡ್ಡ ಟೂರಿಸ್ಟ್ ಕಂಪನಿಗಳು ವೆಬ್‌ಸೈಟ್ ಮಾಡಿಕೊಂಡವು. ಚಿಕ್ಕಬಳ್ಳಾಪುರದ ಆಫೀಸಿನಲ್ಲಿ ಕೂತ ಮಗ ಕೂತಲ್ಲಿಂದಲೇ ಅಪ್ಪ ಅಮ್ಮನಿಗೆ ಸೀಟು ಹಿಡಿದು, ಎ.ಸಿ. ಬಸ್ಸಿನ ಫೋಟೋ ತೋರಿಸಿ ಕಳಿಸಿಬಿಡುತ್ತಿದ್ದ. ಸಾಬರ ಪ್ರಚಾರವೆಂದರೆ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಒಂದು ಸುತ್ತು, ಟೀ ಅಂಗಡಿಯಲ್ಲಿ ಎರಡು ಮಾತು, ಬೆಳಗಿನ ಪೇಪರಿನೊಳಗೆ ಇಟ್ಟು ಹಂಚಿಸುವ ಹಳದಿ ಕರಪತ್ರ. ಆ ಕರಪತ್ರದಲ್ಲಿ ಜನ ಬೋಂಡ ಕಟ್ಟಿಸಿಕೊಂಡು ಹೋಗುವುದನ್ನು ಅವರು ಕಣ್ಣಾರೆ ಕಂಡಿದ್ದರು. ಕಾರ್ತಿಕದಲ್ಲಿ ಒಮ್ಮೆ, ಮಾಘದಲ್ಲಿ ಒಮ್ಮೆ, ಒಂದೊಂದು ಬೋಗಿ ತುಂಬ ಜನ ಕರೆದುಕೊಂಡು ಹೋಗುತ್ತಿದ್ದವರಿಗೆ ಎರಡು ಸಾವಿರದ ಎಂಟರ ಕಾರ್ತಿಕದಲ್ಲಿ ಅರ್ಧ ಬೋಗಿಯೂ ಸಿಗಲಿಲ್ಲ.

“ಮಾಘದ್ದೂ ಹಿಂಗೇ ಆದ್ರೆ ಕಾಶಿ ಸಾಕು,” ಎಂದು ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದರು. “ತಿರುಪತಿ ಬಸ್ಸಿನ ಟಿಕೆಟ್ ಹರ್ಕೊಂಡು ಕೂತಿರ್ತೀನಿ.”

ರಹಮತುನ್ನೀಸಾ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಸಾಬರು ಅದನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟರು. ಮುದುಕರು ಮೊದಲ ಸಲ ಗಂಗೆಯನ್ನು ಕಂಡು ಬಾಯಿ ಬಿಟ್ಟು ನಿಲ್ಲುತ್ತಾರಲ್ಲ, ಅದನ್ನು ನೋಡದೆ ವರ್ಷ ಕಳೆಯುವುದು ಅವರಿಂದ ಆಗುವ ಕೆಲಸವಾಗಿರಲಿಲ್ಲ.

ಮಗಳು ರೂಬಿ ಇದನ್ನೆಲ್ಲ ಕೇಳಿಸಿಕೊಂಡಳು. ಬಿ.ಕಾಂ. ಮುಗಿಸಿ ಅಪ್ಪನ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ರೈಲು ಟಿಕೆಟ್ ಮಾಡಿಕೊಡುತ್ತಿದ್ದ ಹುಡುಗಿ; ಮಾತು ಕಡಿಮೆ, ಹಟ ಜಾಸ್ತಿ. ಕಾರ್ತಿಕದ ಯಾತ್ರೆಗೆ ಅವಳೂ ಹೋಗಿದ್ದಳು. ಅಣ್ಣ ನವೀದನ ಸ್ಟುಡಿಯೋದ ಡಿಜಿಟಲ್ ಕ್ಯಾಮೆರಾ ತೆಗೆದುಕೊಂಡು ಹೋಗಿ, ಕಂಡಕಂಡವರ ಫೋಟೋ ಹಿಡಿದು ತಂದಿದ್ದಳು.

“ಅಬ್ಬಾ, ವೆಬ್‌ಸೈಟ್ ಮಾಡ್ಸಕ್ಕೆ ದುಡ್ಡು ಬೇಕು. ಬ್ಲಾಗ್ ಅಂತ ಒಂದಿದೆ, ಅದು ಬಿಟ್ಟಿ. ಕನ್ನಡದಲ್ಲೇ ಬರೀಬೋದು,” ಎಂದಳು ಅಪ್ಪನಿಗೆ.

“ಅದ್ರಲ್ಲಿ ಏನು ಹಾಕ್ತೀಯ? ನಮ್ಮತ್ರ ಎ.ಸಿ. ಇದೆಯಾ, ಪುಷ್‌ಬ್ಯಾಕ್ ಸೀಟ್ ಇದೆಯಾ?”

“ಅವೇನೂ ಇಲ್ಲ. ಜನ ಇದ್ದಾರೆ. ಅವರನ್ನೇ ಹಾಕ್ತೀನಿ.”

ಅವಳ ತಲೆಯಲ್ಲಿದ್ದದ್ದು ಇದು. ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ತಿನಿಸನ್ನು ಗಂಗೆಯಲ್ಲಿ ಬಿಟ್ಟು ಬರಬೇಕೆಂಬ ಪದ್ಧತಿ ಇದೆಯಲ್ಲ. ಬಿಟ್ಟದ್ದನ್ನು ಮತ್ತೆ ಸಾಯುವ ತನಕ ಬಾಯಿಗೆ ಹಾಕುವಂತಿಲ್ಲ. ಇಷ್ಟವಾದದ್ದನ್ನು ಬಿಡಿ ಎಂದು ಶಾಸ್ತ್ರ ಹೇಳುತ್ತದೆ, ಆದರೆ ಶಾಸ್ತ್ರಕ್ಕಿಂತ ನಮ್ಮ ಜನ ಚಾಲಾಕು. ಮುಕ್ಕಾಲು ಪಾಲು ಜನ ಬಿಟ್ಟು ಬರುವುದು ಹಾಗಲಕಾಯಿ. ನಿವೃತ್ತ ಬಸ್ ಕಂಡಕ್ಟರ್ ಎರ್ರಪ್ಪನವರು ಸೀಬೆಕಾಯಿ ಬಿಟ್ಟರು. ಅದನ್ನು ಕಚ್ಚುವ ಹಲ್ಲು ಅವರನ್ನು ಬಿಟ್ಟು ಆಗಲೇ ಬಹಳ ವರ್ಷವಾಗಿತ್ತು. ಚಿಂತಾಮಣಿಯ ಚಲಪತಿ ಮೇಷ್ಟ್ರು ಎದೆ ತಟ್ಟಿಕೊಂಡು ಕಾಫಿಯನ್ನೇ ಬಿಟ್ಟರು, ನಾಗಪುರದ ಸ್ಟೇಷನ್ನಿನಲ್ಲಿ ಕುಡಿದರು. ರೂಬಿ ಕೇಳಿದ್ದಕ್ಕೆ, “ಇದನ್ನ ಯಾರಾದ್ರೂ ಕಾಫಿ ಅಂತಾರೇನಮ್ಮ” ಎಂದರು.

ರೂಬಿ ಬ್ಲಾಗಿಗೆ “ಏನು ಬಿಟ್ಟು ಬಂದಿರಿ?” ಎಂದು ಹೆಸರಿಟ್ಟಳು. ಒಬ್ಬೊಬ್ಬರದೊಂದು ಫೋಟೋ, ಕೆಳಗೆ ಅವರು ಬಿಟ್ಟದ್ದರ ಕಥೆ ಹತ್ತು ಹನ್ನೆರಡು ಸಾಲು, ಕೊನೆಗೆ ಕಲಂದರ್ ಟ್ರಾವೆಲ್ಸಿನ ಫೋನ್ ನಂಬರು. ಆರ್ಕುಟ್‌ನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯವರ ಗುಂಪುಗಳಿದ್ದವು, ಅಲ್ಲಿ ಹೋಗಿ ತಿಳಿಸಿದಳು. ತನ್ನ ಕಾಲೇಜಿನ ಗೆಳತಿಯರಿಗೆಲ್ಲ ಮೇಲ್ ಕಳಿಸಿದಳು. ಸಾಬರು ಹಿಂದೆ ನಿಂತು ನೋಡಿದರು, ಅರ್ಥವಾಗಲಿಲ್ಲ. ಕರಪತ್ರವಾದರೆ ಬೋಂಡ ಕಟ್ಟುವುದಕ್ಕಾದರೂ ಆಗುತ್ತಿತ್ತು ಎಂದುಕೊಂಡು ಸುಮ್ಮನಾದರು.

ವಾರ ಕಳೆಯುವುದರೊಳಗೆ ಫೋನು ಬಡಿದುಕೊಳ್ಳತೊಡಗಿತು. ಗೌರಿಬಿದನೂರಿನಿಂದ ಒಬ್ಬರು ಮಾಡಿದರು, “ಸೀಬೆಕಾಯಿ ಬಿಟ್ಟ ಎರ್ರಪ್ಪ ನಮ್ಮ ಸೋದರಮಾವ ಕಣ್ರಿ, ನಕ್ಕು ನಕ್ಕು ಸಾಕಾಯ್ತು, ನಮ್ಮತ್ತೇನ ಮಾಘಕ್ಕೆ ಕಳಿಸ್ತೀನಿ” ಎಂದು. ನಗರಗೆರೆಯ ಒಬ್ಬಳು ಬೆಂಗಳೂರಿನಿಂದ ಮಾಡಿ, ತಾಯಿ ತಂದೆ ಇಬ್ಬರಿಗೂ ಸೀಟು ಹೇಳಿದಳು. ಪರಿಚಯದವರ ಮುಖ ನೋಡಿ ಧೈರ್ಯ ಬಂತಂತೆ. ಎ.ಸಿ. ಬಸ್ಸಿನ ಫೋಟೋಕ್ಕಿಂತ ಎರ್ರಪ್ಪನ ಬೊಚ್ಚುಬಾಯಿಯ ಫೋಟೋಕ್ಕೆ ಬೆಲೆ ಬಂದದ್ದು ನೋಡಿ ಸಾಬರು ಬೆರಗಾದರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಆ ಗಿಡವನ್ನೇ ಕಂಪ್ಯೂಟರಿನಲ್ಲಿ ತೋರಿಸಿದರೆ ಮದ್ದಾಗುತ್ತದೆಂದು ಅವರಿಗೆ ಈಗ ತಿಳಿಯಿತು.

ಹೀಗಿರುವಾಗ ಸಾಬರಿಂದ ಒಂದು ತಪ್ಪು ನಡೆದುಹೋಯಿತು.

ದಿಬ್ಬೂರಹಳ್ಳಿಯ ಕೋನಪ್ಪನವರು ಸಾಬರ ಹಳೆಯ ಸ್ನೇಹಿತರು. ಗೂಡು ಮಾರಲು ಬಂದಾಗಲೆಲ್ಲ ಅಂಗಡಿಯಲ್ಲಿ ಕೂತು ಟೀ ಕುಡಿದೇ ಹೋಗುವವರು. ಆ ಕಾರ್ತಿಕದಲ್ಲಿ ಅವರೂ ಕಾಶಿಗೆ ಬಂದಿದ್ದರು. ಹೆಂಡತಿ ಓಬಳಮ್ಮ ಬಂದಿರಲಿಲ್ಲ. ಮನೆಯಲ್ಲಿ ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು, ಒಬ್ಬರಾದರೂ ನಿಲ್ಲಬೇಕಾಗಿತ್ತು. ಗಂಗೆಯಲ್ಲಿ ಕೋನಪ್ಪನವರು ಬಿಟ್ಟದ್ದು ಅವರೆಕಾಯಿ. ಅದನ್ನು ಕೇಳಿ ತಂಡದವರೆಲ್ಲ ಸ್ತಬ್ಧರಾದರು. ನಮ್ಮ ಸೀಮೆಯವನು ಅವರೆಕಾಯಿ ಬಿಡುವುದೆಂದರೇನು ಸಾಮಾನ್ಯವೇ? ಚಳಿಗಾಲದ ಎರಡು ತಿಂಗಳು ಮೂರು ಹೊತ್ತೂ ಅದೇ ಊಟ. ಅದರಲ್ಲೂ ಕೋನಪ್ಪನವರಿಗೆ, ನೆನೆಸಿದ ಅವರೆಕಾಳನ್ನು ಹಿತುಕಿ ಸಿಪ್ಪೆ ತೆಗೆದು ಮಾಡುವ ಹಿತಕಿದ ಬೇಳೆಯ ಸಾರೆಂದರೆ ಪ್ರಾಣ. “ಇವರೊಬ್ರೇ ಕಣಯ್ಯ ಸತ್ಯವಾಗಿ ಬಿಟ್ಟೋರು” ಎಂದು ಎರ್ರಪ್ಪನವರು ಕೈ ಮುಗಿದರು.

ವಾಪಸು ಬರುವ ರೈಲಿನಲ್ಲಿ ಇಬ್ಬರೂ ಬಾಗಿಲ ಬಳಿ ಟೀ ಹಿಡಿದು ನಿಂತಿದ್ದಾಗ ಸಾಬರು ಕೇಳಿದರು, “ಅಲ್ಲ ಯಜಮಾನ್ರೇ, ಹಾಗಲಕಾಯಿ ಬಿಡಕ್ಕಾಗಲಿಲ್ವಾ ನಿಮಗೆ?”

ಕೋನಪ್ಪನವರು ಹೊರಗಿನ ಹೊಲಗಳ ಕಡೆ ಮುಖ ತಿರುಗಿಸಿದರು. “ಓಬಳಿ ಬೆರಳು ನೋಡಿದೀರಾ ಸಾಬ್ರೇ? ಗಂಟು ಗಂಟಾಗಿ ಸೊಟ್ಟಗಾಗೋಗವೆ. ಚಳೀಲಿ ನೆನೆಸಿದ ಕಾಳು ಒಂದೊಂದೇ ಹಿತುಕ್ತಾಳೆ, ನೋವಿಗೆ ಹಲ್ಲು ಕಚ್ಕೋತಾಳೆ. ಸೊಸೆಗೆ ಕೊಡಲ್ಲ, ನಾನು ಕೂತ್ರೆ ಗಂಡಸಿಗ್ಯಾಕೆ ಅಂತ ಎಬ್ಬಿಸ್ತಾಳೆ. ಬೇಡ ಅಂದ್ರೆ ಇನ್ನೊಂದು ಸೇರು ಜಾಸ್ತಿ ನೆನೆಹಾಕ್ತಾಳೆ. ಗಂಗಮ್ಮನಿಗೆ ಕೊಟ್ಬಿಟ್ಟೆ ಅಂದ್ರೆ ಇನ್ನೇನು ಮಾಡ್ತಾಳೆ?” ಆಮೇಲೆ, ಬಾಯಿ ಬಿಟ್ಟದ್ದೇ ಬಿಟ್ಟದ್ದೆಂದು, ಮದುವೆಯಾದ ಹೊಸತರ ಒಂದು ಮಾತನ್ನೂ ಹೇಳಿದರು. ಟೀ ಕಪ್ಪನ್ನು ಹೊರಗೆ ಎಸೆದು, “ಇದು ನಿಮ್ಮ ಹೊಟ್ಟೇಲಿರ್ಲಿ” ಎಂದರು. ಸಾಬರು ಎದೆಯ ಮೇಲೆ ಕೈಯಿಟ್ಟು, “ನನ್ನ ಮಾತು ಇದು, ಇರ್ತದೆ” ಎಂದರು.

ಇರಲಿಲ್ಲ. ಹೊಟ್ಟೆಯಲ್ಲಿಟ್ಟುಕೊಳ್ಳಲಾರದಷ್ಟು ಒಳ್ಳೆಯ ಮಾತಾಗಿತ್ತು ಅದು. ಬ್ಲಾಗಿನ ಸಡಗರದಲ್ಲಿ ಒಂದು ದಿನ ಮಗಳ ಮುಂದೆ ಹೇಳಿಬಿಟ್ಟರು. ರೂಬಿ ಮಾರನೆಯ ದಿನ ಅದನ್ನು ಬರೆದು ಅಪ್ಪನಿಗೆ ಓದಿ ತೋರಿಸಿದಳು. ಕೇಳುತ್ತ ಕೇಳುತ್ತ ಸಾಬರಿಗೆ ಕಣ್ಣು ಒದ್ದೆಯಾಯಿತು.

“ಹಾಕ್ಲಾ ಅಬ್ಬಾ? ಬೇಕಾದ್ರೆ ಅವರ ಹೆಸರು ತೆಗೀತೀನಿ.”

“ಹೆಸರಿಲ್ಲದ ಮಾತನ್ನ ಯಾರು ನಂಬ್ತಾರೆ? ಇರ್ಲಿ. ದಿಬ್ಬೂರಹಳ್ಳೀಲಿ ಕಂಪ್ಯೂಟರ್ ಯಾರ ಮನೇಲಿದೆ? ಅಲ್ಲಿ ಯಾರಿಗೂ ಗೊತ್ತಾಗಲ್ಲ.”

ಊರಿಂದೂರಿಗೆ ಮಾತು ಹೇಗೆ ಹೋಗುತ್ತದೆಂದು ಜೀವಮಾನವೆಲ್ಲ ಕಂಡಿದ್ದ ಮನುಷ್ಯ ಹೀಗೆ ಎಣಿಸಿದ್ದು ದೊಡ್ಡ ಆಶ್ಚರ್ಯ. ಕಂಪ್ಯೂಟರಿನಲ್ಲಿ ಬರೆದದ್ದು ಬೆಂಗಳೂರಿನವರ ಕಡೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ ಎಂದು ಅವರು ತಿಳಿದಿದ್ದರು.

ಅವರೆಕಾಯಿ ಕಥೆ ಉಳಿದ ಎಲ್ಲ ಕಥೆಗಳನ್ನೂ ಹಿಂದೆ ಹಾಕಿತು. ಜನ ಅದನ್ನು ಮೇಲ್‌ನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಂಡರು. ಮುಂಬಯಿಯಿಂದ, ಹೊಸೂರಿನಿಂದ, ದುಬೈಯಿಂದ ಫೋನು ಬಂದವು. ಗಂಡ ಹೆಂಡಿರ ಜೋಡಿ ಸೀಟುಗಳನ್ನೇ ಕೇಳುವವರು ಹೆಚ್ಚಾದರು. ಚಿಂತಾಮಣಿಯ ಒಬ್ಬ ಸಾಹುಕಾರರು ಹೆಂಡತಿಯನ್ನು ಕರೆದುಕೊಂಡು ಅಂಗಡಿಗೇ ಬಂದು, “ಇವಳು ಅದನ್ನ ಓದಿದಾಗಿಂದ ನನ್ನ ಮುಖ ನೋಡ್ತಾವ್ಳೆ, ಏನಾದ್ರೂ ಬಿಡ್ಲೇಬೇಕಂತೆ” ಎಂದು ನಗುತ್ತ ಹೆಸರು ಬರೆಸಿದರು. ಡಿಸೆಂಬರ್ ಮುಗಿಯುವ ಹೊತ್ತಿಗೆ ಮಾಘದ ಬೋಗಿ ತುಂಬಲು ಬೆರಳೆಣಿಕೆಯ ಸೀಟುಗಳಷ್ಟೇ ಉಳಿದಿದ್ದವು. ಸಾಬರು ಮನೆಗೆ ಜಿಲೇಬಿ ತೆಗೆದುಕೊಂಡು ಹೋದರು.

ಅದಾದ ಎರಡನೆಯ ದಿನ ಕೋನಪ್ಪನವರು ಬಂದರು. ಬಾಗಿಲಲ್ಲೇ ನಿಂತರು, ಬೆಂಚಿನ ಮೇಲೆ ಕೂರಲಿಲ್ಲ. ಟೀಗೆ ಹೇಳಲು ಹೋದ ಸಾಬರನ್ನು ಕೈಸನ್ನೆಯಿಂದ ತಡೆದರು.

“ಬಸ್ಸಲ್ಲಿ ಎರ್ರಪ್ಪ ಸಿಕ್ಕಿದ್ದ. ಎಲ್ರ ಮುಂದೆ ಕೇಳ್ದ, ಏನ್ ಕೋನಪ್ಪ, ಹೆಂಡ್ತಿ ಕೈ ನೋಯ್ತದೆ ಅಂತ ಅವರೆಕಾಯಿ ಬಿಟ್ಯಂತೆ ಅಂತ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

“ನಕ್ರೆ ನಗ್ಲಿ ಬಿಡಿ,” ಎಂದರು ಕೋನಪ್ಪನವರು. ಸಿಟ್ಟಿರಲಿಲ್ಲ, ಅದಕ್ಕಿಂತ ಕೆಟ್ಟದಾಗಿ ಸುಸ್ತಾದವರ ಹಾಗೆ ಕಾಣುತ್ತಿದ್ದರು. “ಅವಳಿಗೊಬ್ಬಳಿಗೆ ಗೊತ್ತಾಗ್ಬಾರ್ದು. ನನ್ನ ಕೈಲಾಗಲ್ಲ ಅಂತ ಕನಿಕರಕ್ಕೆ ಬಿಟ್ರಾ ಅಂತಾಳೆ. ಆಮೇಲೆ ನನ್ನ ಮುಂದೆ ಕೈ ಸೆರಗಲ್ಲಿ ಬಚ್ಚಿಟ್ಕೋತಾಳೆ. ಅದನ್ನ ನಾನು ನೋಡಲಾರೆ ಸಾಬ್ರೇ.”

ಹೀಗೆಂದು ಇಳಿದು ಹೋದರು. ಇಷ್ಟು ವರ್ಷಗಳಲ್ಲಿ ಕೋನಪ್ಪನವರು ಟೀ ಕುಡಿಯದೆ ಹೋದದ್ದು ಅದೇ ಮೊದಲು.

ಸಾಬರು ಮಗಳ ಕಡೆ ತಿರುಗಿ, “ತೆಗೆದು ಹಾಕು” ಎಂದರು.

ರೂಬಿಯ ಮುಖ ಬಾಡಿತು. “ಅಬ್ಬಾ, ಈಗ ಬರ್ತಿರೋ ಫೋನೆಲ್ಲ ಅದರಿಂದಾನೇ. ಇನ್ನೂ ಹತ್ತು ಜನ ಹೂಂ ಅಂದಿಲ್ಲ. ಹೆಸರು ಬದಲಾಯಿಸ್ತೀನಿ, ಊರು ಬದಲಾಯಿಸ್ತೀನಿ.”

“ಬೋಗಿ ತುಂಬದಿದ್ರೆ ಬೇಡ. ಮಾತು ಕೊಟ್ಟಿದ್ದೆ ಬೇಟಾ. ಬರೆದೋಳು ನೀನಾದ್ರೂ ಆಡಿದೋನು ನಾನು. ಹಲ್ಲಿನ ಸೆಟ್ಟು, ಸೊಂಟದ ಚೀಲ ನನ್ನ ಕೈಗೆ ಕೊಟ್ಟು ಜನ ನೀರಿಗಿಳೀತಾರೆ. ಇಂಥದ್ದನ್ನ ಕಾಯಕ್ಕಾಗದೋನು ಅದನ್ನೇನು ಕಾದೇನು?”

ರೂಬಿ ತೆಗೆದಳು. ಒಂದು ಗುಂಡಿ ಒತ್ತಿದರೆ ಹೋಗುವಂಥದ್ದು, ಆದರೆ ಒತ್ತುವುದಕ್ಕೆ ಅವಳಿಗೆ ಬಹಳ ಹೊತ್ತು ಬೇಕಾಯಿತು. ಆಮೇಲೆ ಫೋನು ಮಾಡಿದವರು, “ಅದೇ ಅವರೆಕಾಯಿ ಕಥೆ ಇತ್ತಲ್ಲ, ನಮ್ಮಮ್ಮನಿಗೆ ತೋರಿಸಬೇಕಿತ್ತು, ಎಲ್ಲಿ?” ಎಂದು ಕೇಳುತ್ತಿದ್ದರು. “ಇಲ್ಲ ಸಾರ್, ತೆಗೆದ್ವಿ” ಎಂದರೆ ಆಮೇಲೆ ಹೇಳುತ್ತೇವೆಂದು ಇಡುತ್ತಿದ್ದರು. ಉಳಿದ ಸೀಟುಗಳು ಉಳಿದ ಹಾಗೇ ಉಳಿದವು; ಬರೆಸಿದ್ದವರಲ್ಲೂ ಒಂದಿಬ್ಬರು ಹಿಂದೆ ಸರಿದರು. ಸಾಬರಿಗೆ ಅದಕ್ಕಿಂತ ದೊಡ್ಡ ಚಿಂತೆ ಬೇರೆ ಇತ್ತು. ಗೂಡಿನ ಮಾರ್ಕೆಟ್ಟಿನ ದಿನಗಳಲ್ಲಿ ರಸ್ತೆಯ ಕಡೆಗೇ ಕಣ್ಣಿಟ್ಟು ಕೂರುತ್ತಿದ್ದರು. ಕೋನಪ್ಪನವರ ಮೊಪೆಡ್ಡು ಅಂಗಡಿಯ ಮುಂದೆ ಹಾದು ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅದು ನಿಂತಿತು. ಹಿಂದಿನ ಸೀಟಿನಿಂದ ಓಬಳಮ್ಮ ಇಳಿದರು. ಕೋನಪ್ಪನವರು ಅಂಗಡಿಯ ಕಡೆ ನೋಡದೆ, ಎದುರಿನ ಹೊಂಗೆಮರದ ನೆರಳಿಗೆ ಗಾಡಿ ತಳ್ಳಿಕೊಂಡು ಹೋಗಿ ಅಲ್ಲೇ ನಿಂತರು. ಓಬಳಮ್ಮ ಮೆಟ್ಟಿಲು ಹತ್ತಿ ಒಳಗೆ ಬಂದು ಬೆಂಚಿನ ಮೇಲೆ ಕೂತರು. ಎರಡು ಕೈಗಳೂ ಸೆರಗಿನೊಳಗಿದ್ದವು. ಕೋನಪ್ಪನವರು ಹೆದರಿದ್ದು ಇದಕ್ಕೇ ಎಂದುಕೊಂಡರು ಸಾಬರು.

“ಬೇಸ್ತವಾರ ಲಾವಣ್ಯನ ಜೊತೆ ತಿರುಪತಿಗೆ ಹೋಗೋದಿದೆ, ಟಿಕೆಟ್ ಕೇಳ್ಕೊಂಡು ಬರ್ತೀನಿ ಅಂತ ಸುಳ್ಳು ಹೇಳಿ ಬಂದಿದೀನಿ ಅವರಿಗೆ,” ಎಂದು ಓಬಳಮ್ಮ ಶುರುಮಾಡಿದರು. “ಲಾವಣ್ಯ ಅಂದ್ರೆ ನಮ್ಮಕ್ಕನ ಮೊಮ್ಮಗಳು ಸಾಬಣ್ಣ. ಚಿಕ್ಕಬಳ್ಳಾಪುರದಲ್ಲಿ ಕಾಲೇಜಿಗೆ ಹೋಗ್ತಾಳೆ. ಹೋದ ತಿಂಗಳು ಫೋನ್ ಮಾಡಿ, ಅಜ್ಜಿ, ಕಂಪೀಟ್ರಲ್ಲಿ ತಾತನ ಫೋಟೋ ಬಂದದೆ, ಓದ್ತೀನಿ ಕೇಳು ಅಂದ್ಳು. ಕೇಳ್ತಾ ಇದ್ದೆ. ಅರ್ಧಕ್ಕೆ ಅವಳ ಫೋನ್ನಲ್ಲಿ ಕರೆನ್ಸಿ ಮುಗಿದೋಯ್ತು. ಮಾರನೇ ದಿನ ಮತ್ತೆ ಓದಮ್ಮ ಅಂದ್ರೆ, ಇಲ್ಲ ಅಜ್ಜಿ, ತೆಗೆದ್ಬಿಟ್ಟವ್ರೆ ಅಂದ್ಳು.” ರೂಬಿಯ ಕಡೆ ತಿರುಗಿದರು. “ಮಿಕ್ಕಿದ್ದು ಕೇಳಣ ಅಂತ ಬಂದೆ ಕಣಮ್ಮ.”

ರೂಬಿ ಅಪ್ಪನ ಮುಖ ನೋಡಿದಳು. ಬ್ಲಾಗಿನಿಂದ ತೆಗೆದಿದ್ದರೂ ಬರೆದದ್ದು ಕಂಪ್ಯೂಟರಿನೊಳಗೆ ಹಾಗೇ ಇತ್ತು. ಸಾಬರು ಬೇಡವೆಂದು ತಲೆ ಅಲ್ಲಾಡಿಸಿದರು.

“ಓಬಳಮ್ಮನೋರೇ, ತಪ್ಪಾಯ್ತು ನನ್ನಿಂದ. ಯಜಮಾನ್ರು ಯಾರಿಗೂ ಹೇಳಬೇಡಿ ಅಂದಿದ್ರು, ನಾನು ಒಂದ್ಸಲ ಮಾತು ಮುರಿದೆ. ಇನ್ನೊಂದ್ಸಲ ಮುರಿಯಕ್ಕಾಗಲ್ಲ.”

“ಏನು ಗೊತ್ತಾಗ್ಬಾರ್ದು ಅಂದಿದ್ರು? ಇದಾ?” ಓಬಳಮ್ಮ ಸೆರಗಿನೊಳಗಿಂದ ಕೈಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು. ಬೆರಳ ಗೆಣ್ಣುಗಳು ಅಡಕೆ ಗಾತ್ರ ಊದಿದ್ದವು. “ಚಳಿ ಅಂತ ಸುತ್ಕೊಂಡಿದ್ದೆ. ನನಗೆ ಅವರು ಕಾಶಿಯಿಂದ ಬಂದ ದಿನಾನೇ ಗೊತ್ತಾಯ್ತು ಸಾಬಣ್ಣ. ಪ್ರಾಣ ಬಿಟ್ಟಾರು, ಅವರೆಕಾಯಿ ಬಿಡೋ ಮನುಷ್ಯರಾ ಅವರು? ಯಾಕಿರ್ಬೋದು ಅಂತ ಕೂತು ಯೋಚ್ನೆ ಮಾಡೋ ಅಷ್ಟೂ ಕಷ್ಟ ಆಗಲಿಲ್ಲ.”

“ಮತ್ತೆ ಬೇಜಾರಾಗಲಿಲ್ವಾ ಅಜ್ಜಿ?” ಎಂದಳು ರೂಬಿ.

“ಆಯ್ತು. ಒಂದಿನ ಪೂರ್ತಿ ಅವರ ಹತ್ರ ಮಾತಾಡ್ಲಿಲ್ಲ. ಅವರಿಗೆ ಅದು ಗೊತ್ತಾಗಲೂ ಇಲ್ಲ. ಆಮೇಲೆ ಅನ್ನಿಸ್ತು, ಪಾಪ, ಬಿಟ್ಟಿರೋರು ಅವರು, ನನಗ್ಯಾಕೆ ಸಿಟ್ಟು ಅಂತ.”

“ಎಲ್ಲಾ ಗೊತ್ತಿದ್ದ ಮೇಲೆ ಮಿಕ್ಕಿದ್ದು ಯಾಕಜ್ಜಿ ಕೇಳ್ಬೇಕು?”

ಓಬಳಮ್ಮ ಬಾಗಿಲ ಆಚೆ ನೋಡಿದರು. ಹೊಂಗೆಮರದ ಕೆಳಗೆ ಕೋನಪ್ಪನವರು ಮೊಪೆಡ್ಡಿನ ಸೀಟನ್ನು ಟವೆಲಿನಿಂದ ಒರೆಸುತ್ತಿದ್ದರು. ಒರೆಸುವಂಥ ಧೂಳೇನೂ ಅಲ್ಲಿರಲಿಲ್ಲ.

“ಮದುವೆಯಾಗಿ ನಲವತ್ತು ವರ್ಷದ ಮೇಲಾಯ್ತು. ಸಾರು ಚೆನ್ನಾಗೈತೆ ಅಂತ ಕೂಡ ಬಾಯಿಬಿಟ್ಟು ಹೇಳಿದೋರಲ್ಲ, ಇನ್ನೊಂದು ಸೌಟು ಹಾಕಿಸ್ಕೋತಾರೆ ಅಷ್ಟೆ. ಈ ಕಂಪೀಟ್ರಲ್ಲಿ ನನ್ನ ವಿಷ್ಯ ಏನೋ ಆಡವ್ರಂತೆ. ಮದುವೆಯಾದ ಹೊಸದ್ರಲ್ಲಿ, ಅಂತ ಲಾವಣ್ಯ ಓದ್ತಾ ಇದ್ಳು, ಅಲ್ಲಿಗೆ ಸರಿಯಾಗಿ ಫೋನ್ ನಿಂತೋಯ್ತು.” ಅವರ ಧ್ವನಿ ಸಣ್ಣದಾಯಿತು. “ಒಂದು ತಿಂಗಳಾಯ್ತು ಸಾಬಣ್ಣ. ಒಲೆ ಮುಂದೆ ಕೂತ್ರೆ ಅದೇ, ಸೊಪ್ಪು ಕುಯ್ಯಕ್ಕೆ ಹೋದ್ರೆ ಅದೇ. ಹೊಸದ್ರಲ್ಲಿ ಏನು?”

ಸಾಬರು ಎದ್ದು ಅಂಗಡಿಯಿಂದಿಳಿದು ರಸ್ತೆ ದಾಟಿದರು. ಕೋನಪ್ಪನವರ ಮುಂದೆ ನಿಂತು, “ಯಜಮಾನ್ರೇ, ಅವರಿಗೆ ಮೊದಲಿಂದ ಎಲ್ಲಾ ಗೊತ್ತಂತೆ. ಮಿಕ್ಕಿದ್ದು ಕೇಳಬೇಕಂತೆ. ನಾನು ಹೇಳಲ್ಲ, ರೂಬಿನೂ ಓದಲ್ಲ. ನೀವು ಬಂದು ಹೇಳಿ” ಎಂದರು.

ಕೋನಪ್ಪನವರು ಬಂದರು. ಕಂಡರೆ ನಗು ಬರುವ ಹಾಗಿತ್ತು ಅವರು ಒಳಗೆ ಬಂದ ರೀತಿ. ಸ್ಕೂಲಿಗೆ ತಡವಾಗಿ ಬಂದ ಹುಡುಗರು ಹೀಗೇ ಬರುತ್ತಾರೆ. ಮೇಜಿನ ಮೇಲೆ ಹರಡಿದ್ದ ಹೆಂಡತಿಯ ಕೈಗಳನ್ನು ನೋಡಿದರು. ಓಬಳಮ್ಮ ಅವನ್ನು ಎಳೆದುಕೊಳ್ಳಲಿಲ್ಲ.

“ಏಮಯ್ಯಾ,” ಎಂದರು ಓಬಳಮ್ಮ, “ಹೊಸದ್ರಲ್ಲಿ ಏನು?”

ಕೋನಪ್ಪನವರು ಬಾಯಿ ತೆರೆದರು, ಮುಚ್ಚಿದರು, ಗಂಟಲು ಸರಿಮಾಡಿಕೊಂಡರು. ಕಾಶಿಯಲ್ಲಿ ಅವರೆಕಾಯಿ ಬಿಡುವಾಗ ಇಷ್ಟು ಕಷ್ಟಪಟ್ಟಿರಲಿಲ್ಲ. ಕೊನೆಗೆ ರೂಬಿಯ ಕಡೆ ಗದ್ದ ಎತ್ತಿ, “ಅದ್ರಲ್ಲಿ ಐತಲ್ಲಮ್ಮ. ಓದು” ಎಂದು ಗೋಡೆಯ ಕಡೆ ತಿರುಗಿ ನಿಂತರು.

ರೂಬಿ ಓದಿದಳು. ಕೋನಪ್ಪನವರು ರೈಲಿನ ಬಾಗಿಲಲ್ಲಿ ಆಡಿದ ಮಾತು ಅವರ ಮಾತಿನಲ್ಲೇ ಹಾಗೇ ಇತ್ತು. “ಮದುವೆಯಾದ ಹೊಸದ್ರಲ್ಲಿ ಅವಳು ಹಿಪ್ಪುನೇರಳೆ ಸೊಪ್ಪು ಬಿಡಿಸ್ತಿದ್ರೆ ಕೈ ಕಣ್ಣಿಗೇ ಕಾಣ್ತಿರಲಿಲ್ಲ ಸಾಬ್ರೇ, ಅಷ್ಟು ಬೇಗ. ನಾನು ಸಾಲಿನ ಕೊನೇಲಿ ನಿಂತು ಕೆಲಸ ಮಾಡೋ ಹಂಗೆ ನಟಿಸ್ತಾ ಆ ಕೈಗಳನ್ನೇ ನೋಡ್ತಿದ್ದೆ. ಅವಳಿಗೆ ಗೊತ್ತಿಲ್ಲ. ಈಗ ಸೊಟ್ಟಗಾಗವೆ. ಈಗ್ಲೂ ನೋಡ್ತೀನಿ.”

ಕೋನಪ್ಪನವರು ಗೋಡೆಯ ಮೇಲಿನ ರೈಲು ವೇಳಾಪಟ್ಟಿಯನ್ನು ಪರೀಕ್ಷೆಗೆ ಓದುವವರ ಹಾಗೆ ಓದುತ್ತಿದ್ದರು. ಸಾಬರು ಟೀ ಅಂಗಡಿಯ ಕಡೆ ಕೈಯೆತ್ತಿ ನಾಲ್ಕು ಬೆರಳು ತೋರಿಸಿದರು, ಕೋನಪ್ಪನವರು ಬೇಡವೆನ್ನಲಿಲ್ಲ. ಸಾಬರಿಗೆ ಅಷ್ಟೇ ಸಾಕಾಗಿತ್ತು, ಬೋಗಿಯ ನೆನಪೇ ಆಗ ಅವರಿಗಿರಲಿಲ್ಲ.

ನೆನಪು ಮಾಡಿದವರು ಓಬಳಮ್ಮ. ಸೆರಗಿನಿಂದ ಮೂಗು ಒರೆಸಿಕೊಂಡು, “ಮಾಘಕ್ಕೆ ಎರಡು ಸೀಟು ಬರ್ಕೋ ಸಾಬಣ್ಣ” ಎಂದರು.

“ನಾನು ಹೋಗಿ ಬಂದೆನಲ್ಲೇ,” ಎಂದರು ಕೋನಪ್ಪನವರು ಗೋಡೆಗೆ.

“ನಾನು ಹೋಗಿಲ್ವಲ್ಲ. ಒಬ್ಬಳೇ ಹೋಗ್ಲಾ?” ಎಂದು ಓಬಳಮ್ಮ ರೂಬಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. “ಇದನ್ನ ಮತ್ತೆ ಹಾಕಮ್ಮ, ಎಲ್ರೂ ಓದ್ಲಿ. ಎರ್ರಪ್ಪ ನಗ್ತಾನಂತೆ, ಅವನ ಹೆಂಡ್ತಿಗೂ ಓದಿ ಹೇಳ್ತೀನಿ, ಆಮೇಲೆ ನಗ್ಲಿ ಅವನು. ಆದ್ರೆ ಒಂದು ತಪ್ಪು ಮಾಡಿದೀಯ ನೀನು. ಮೊದಲಿಂದ ಕೊನೇ ತನಕ ಅವರ ಹೆಂಡತಿ, ಅವರ ಹೆಂಡತಿ ಅಂತ ಬರ್ದಿದೀಯ. ಯಾರು ಅಂತ ಹೆಂಗೆ ಗೊತ್ತಾಗ್ಬೇಕು ಜನಕ್ಕೆ? ಓಬಳಮ್ಮ ಅಂತ ಹಾಕು.”

ರೂಬಿ ಒಂದೊಂದೇ ಕಡೆ ತಿದ್ದಿದಳು. ಓಬಳಮ್ಮನಿಗೆ ಓದಲು ಬರುತ್ತಿರಲಿಲ್ಲ. ಆದರೂ ಕಂಪ್ಯೂಟರಿನ ಗಾಜಿನ ಮೇಲೆ ಸೊಟ್ಟ ಬೆರಳಿಟ್ಟು, “ಇದೇನಾ ನನ್ನ ಹೆಸರು?” ಎಂದು ಕೇಳಿದರು.

“ಹೌದಜ್ಜಿ.”

“ಈಗ ಇನ್ನೊಂದ್ಸಲ ಓದು. ಸ್ವಲ್ಪ ಗಟ್ಟಿಯಾಗಿ.”